ಕ್ಯೂಎಮು: ಪ್ರೋಗ್ರಾಂ ಯಾಕೆ ಬಿತ್ತು ಅಂತ ತೋರಿಸುವ ಎಮ್ಯುಲೇಟರ್

ಕ್ಯೂಎಮು ಒಂದು ಎಮ್ಯುಲೇಟರ್, ಅಂದರೆ ಒಂದು ಜಾತಿಯ ಪ್ರೊಸೆಸರ್‌ಗೆ ಬರೆದ ಪ್ರೋಗ್ರಾಂ ಅನ್ನು ಇನ್ನೊಂದು ಜಾತಿಯದರ ಮೇಲೆ ಓಡಿಸುವ ತಂತ್ರಾಂಶ. ಅದನ್ನು ಬಳಸಿದವರು ಮೊದಲು ಹೇಳುವುದು ಒಂದೇ ಮಾತು: ತುಂಬಾ ನಿಧಾನ. ಅದು ನಿಜ. ಆದರೆ ನಾನು ಅದನ್ನು ಇಟ್ಟುಕೊಂಡಿರುವುದು ವೇಗಕ್ಕಲ್ಲ. ಒಂದು ಜಾತಿಯ ಪ್ರೊಸೆಸರ್‌ಗೆ ಬರೆದ ಪ್ರೋಗ್ರಾಂ ಇನ್ನೊಂದು ಜಾತಿಯ ಪ್ರೊಸೆಸರ್ ಮೇಲೆ ಓಡುವಾಗ ಒಮ್ಮೊಮ್ಮೆ ಬೀಳುತ್ತದೆ, ಅಂದರೆ ಕ್ರ್ಯಾಶ್ ಆಗುತ್ತದೆ. ತಪ್ಪು ಯಾರದ್ದು? ಪ್ರೋಗ್ರಾಂದಾ, ಎಮ್ಯುಲೇಟರ್‌ದಾ, ಕೆಳಗಿರುವ ಮಶೀನಿನದ್ದಾ? ಈ ಪ್ರಶ್ನೆಗೆ ಉತ್ತರ ಹುಡುಕಲು ಕ್ಯೂಎಮುಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಅದು ದುಡ್ಡು ಕೇಳುವುದಿಲ್ಲ, ಒಳಗೆ ನಡೆಯುವ ಯಾವುದನ್ನೂ ಮುಚ್ಚಿಡುವುದಿಲ್ಲ.

ನಾನಿರುವುದು ಶಿರಸಿಯಲ್ಲಿ. ಅಂಗಡಿ, ವಖಾರಿ, ಸಣ್ಣ ಸೊಸೈಟಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಮಳೆಗಾಲ ಅಂದರೆ ಕರೆಂಟಿನ ಕಥೆ ಗೊತ್ತಲ್ಲ. ಎಲ್ಲೋ ಲೈನ್ ಮೇಲೆ ಮರ ಬಿದ್ದರೆ ಇಡೀ ದಿನ ಇನ್ವರ್ಟರ್ ಮೇಲೇ ಕೆಲಸ. ಅಕ್ಕನ ಗಂಡ, ಅಂದರೆ ನಮ್ಮ ಭಾವನ ಅಡಿಕೆ ವಖಾರಿಯಲ್ಲಿ ಹಳೆಯ ಡೆಸ್ಕ್‌ಟಾಪ್ ಇನ್ವರ್ಟರ್ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತಿತ್ತು. ಅದರ ಜಾಗಕ್ಕೆ ರಾಸ್ಪ್‌ಬೆರಿ ಪೈ 5 ತಂದು ಕೂರಿಸಿದೆ. ಅಂಗೈಯಗಲದ ಬೋರ್ಡು. ಅದರ ಚಾರ್ಜರ್ ಪೂರ್ತಿ ಕೊಟ್ಟರೂ 27 ವ್ಯಾಟ್, ದಿನದ ಕೆಲಸಕ್ಕೆ ಅಷ್ಟೂ ಬೇಡ.

ತೊಡಕು ಅಂದರೆ ಲೆಕ್ಕದ ಪ್ರೋಗ್ರಾಂ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಅಂತ ಬಗೆಬಗೆಯ ಅಡಿಕೆ, ಪ್ರತಿ ಮೂಟೆಯ ತೂಕ, ಕ್ವಿಂಟಾಲ್ ದರ, ಹಮಾಲಿ, ದಲಾಲಿ ಎಲ್ಲ ಹಿಡಿದು ರೈತರಿಗೆ ಪಟ್ಟಿ ಮುದ್ರಿಸಿಕೊಡುವ ಪ್ರೋಗ್ರಾಂ ಅದು. ಲಿನಕ್ಸ್ ಟರ್ಮಿನಲ್‌ನಲ್ಲಿ ಓಡುತ್ತದೆ. ಫ್ರೀ ಪ್ಯಾಸ್ಕಲ್‌ನಲ್ಲಿ ಬರೆದದ್ದು, 64 ಬಿಟ್ ಎಕ್ಸ್86 (ಇಂಟೆಲ್ ಜಾತಿಯ) ಪ್ರೊಸೆಸರ್‌ಗೆ ಕಂಪೈಲ್ ಮಾಡಿದ್ದು. ಬರೆದವರು ಊರು ಬಿಟ್ಟಿದ್ದಾರೆ, ಸೋರ್ಸ್ ಕೋಡ್ ನಮ್ಮ ಹತ್ತಿರ ಇಲ್ಲ. ಪೈನಲ್ಲಿರುವುದು ಆರ್ಮ್ ಪ್ರೊಸೆಸರ್. ಹಾಗಾಗಿ ಎಮ್ಯುಲೇಟರ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಕ್ಯೂಎಮುವನ್ನು ಶುರು ಮಾಡಿದ್ದು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್, 2003ರಲ್ಲಿ. ಇವತ್ತು ಅರ್ಧ ಜಗತ್ತಿನ ವಿಡಿಯೋ ಹಿಂದಿರುವ ಎಫ್‌ಎಫ್‌ಎಂಪೆಗ್ ಶುರು ಮಾಡಿದ್ದೂ ಅವರೇ. ಕ್ಯೂಎಮುಗೆ ಎರಡು ರೂಪ. ಒಂದರಲ್ಲಿ ಇಡೀ ಕಂಪ್ಯೂಟರನ್ನೇ ನಟಿಸುತ್ತದೆ: ಪ್ರೊಸೆಸರ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲ. ಇನ್ನೊಂದು ಯೂಸರ್ ಮೋಡ್. ಅದರಲ್ಲಿ ಒಂದೇ ಒಂದು ಪ್ರೋಗ್ರಾಂನ ಸೂಚನೆಗಳನ್ನು ಮಾತ್ರ ಅನುವಾದಿಸುತ್ತದೆ, ಉಳಿದದ್ದಕ್ಕೆ ಪೈನದ್ದೇ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಬಳಸುತ್ತದೆ. ವಖಾರಿಗೆ ಸಾಕಾಗಿದ್ದು ಎರಡನೆಯದು. ಪ್ರೋಗ್ರಾಂನ ಒಂದು ತುಂಡು ಕೋಡ್ ಮೊದಲ ಸಲ ಎದುರಾದಾಗ ಅದನ್ನು ಆರ್ಮ್ ಕೋಡಿಗೆ ತಿರುಗಿಸಿ ಎತ್ತಿಟ್ಟುಕೊಳ್ಳುತ್ತದೆ. ಮತ್ತೆ ಅದೇ ತುಂಡು ಬಂದರೆ ಎತ್ತಿಟ್ಟಿದ್ದನ್ನೇ ಓಡಿಸುತ್ತದೆ. ಈ ವಿಷಯ ನೆನಪಿರಲಿ, ಲಾಗ್ ಓದುವಾಗ ಬೇಕಾಗುತ್ತದೆ.

ಹಾಕಿಕೊಳ್ಳುವುದು ಸುಲಭ. ಪೈನಲ್ಲಿರುವ ಲಿನಕ್ಸ್, ಅಂದರೆ ಡೆಬಿಯನ್ 12ರಲ್ಲಿ ಕ್ಯೂಎಮು-ಯೂಸರ್ ಅನ್ನುವ ಪ್ಯಾಕೇಜ್ ಇದೆ, ಆವೃತ್ತಿ 7.2. ಜೊತೆಗೆ ಜಿಡಿಬಿ-ಮಲ್ಟಿಆರ್ಕ್ ಅನ್ನುವ ಡೀಬಗರ್ ಹಾಕಿಕೊಳ್ಳಿ, ಓಡುವ ಪ್ರೋಗ್ರಾಂ ಅನ್ನು ನಿಲ್ಲಿಸಿ ಒಳಗೆ ನೋಡುವ ಸಾಧನ ಅದು. ಇವೆರಡೂ ಜೋಡಿ. ಒಂದನ್ನು ಮಾತ್ರ ಹಾಕಿಕೊಂಡರೆ ಅರ್ಧ ಉಪಯೋಗ ತಪ್ಪಿಹೋಗುತ್ತದೆ.

ಮೊದಲ ಬೀಳುವಿಕೆಗೆ ಕಾರಣ ಪೈ 5ರದ್ದೇ ಒಂದು ಗುಣ. ಪ್ರೋಗ್ರಾಂ ತನ್ನ ಮೊದಲ ಪರದೆ ತೋರಿಸುವ ಮುಂಚೆಯೇ ಸತ್ತಿತು. ಎಕ್ಸ್86 ಜಗತ್ತಿನಲ್ಲಿ ಮೆಮೊರಿಯ ಪುಟ, ಅಂದರೆ ಕರ್ನಲ್ ಮೆಮೊರಿ ಹಂಚುವ ಅಳತೆಯ ತುಂಡು, 4 ಕೆಬಿ. ಅಲ್ಲಿನ ಪ್ರೋಗ್ರಾಂಗಳು ಇದನ್ನು ನಂಬಿಕೊಂಡೇ ಇರುತ್ತವೆ. ಪೈ 5ಕ್ಕೆ ಬರುವ ಕರ್ನಲ್ 16 ಕೆಬಿ ಪುಟ ಬಳಸುತ್ತದೆ. 4 ಕೆಬಿ ಗಡಿಯಲ್ಲಿ ಕೂರಬೇಕಾದ ತುಂಡುಗಳಿಗೆ ಅಲ್ಲಿ ಜಾಗವೇ ಸಿಗುವುದಿಲ್ಲ. ಬೂಟ್ ಸೆಟ್ಟಿಂಗಿನ ಕಾನ್ಫಿಗ್ ಕಡತದಲ್ಲಿ ಕರ್ನಲ್8 ಅನ್ನುವ ಇಮೇಜ್ ಹೆಸರು ಬರೆದರೆ 4 ಕೆಬಿ ಪುಟದ ಕರ್ನಲ್ ಬರುತ್ತದೆ. ಒಂದು ಸಾಲು, ಒಂದು ರೀಬೂಟ್, ಅಷ್ಟೇ. ಪೈ 5ರಲ್ಲಿ ಯಾವುದೇ ಎಕ್ಸ್86 ಎಮ್ಯುಲೇಟರ್ ಹಾಕುವವರು ಬೇರೆ ಏನನ್ನೂ ಹುಡುಕುವ ಮೊದಲು ಇದನ್ನು ನೋಡಬೇಕು.

ಇದಾದ ಮೇಲೆ ಪರದೆ ಬಂತು. ತೂಕ ತೆಗೆದುಕೊಳ್ಳುವ ಮೆನು ಒತ್ತಿದ ತಕ್ಷಣ ಮತ್ತೆ ಬಿತ್ತು, ರನ್‌ಟೈಮ್ ಎರರ್ 216 ಅಂತ. ಫ್ರೀ ಪ್ಯಾಸ್ಕಲ್ ಗೊತ್ತಿರುವವರಿಗೆ ಈ ಸಂಖ್ಯೆ ಪರಿಚಯ. ಮುಟ್ಟಬಾರದ ಮೆಮೊರಿ ಮುಟ್ಟಿದೆ ಅಂತ ಅರ್ಥ. ನೋಡಿದವರು ಯಾರೇ ಆದರೂ ಎಮ್ಯುಲೇಟರ್ ಕೆಟ್ಟಿದೆ ಅಂತಲೇ ಹೇಳುತ್ತಿದ್ದರು. ಹಳೆ ಮಶೀನಿನಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿದ ಪ್ರೋಗ್ರಾಂ ಅಲ್ವಾ?

ಕ್ಯೂಎಮುವಿನ ಎಸ್‌ಟ್ರೇಸ್ ಆಯ್ಕೆಯ ಬೆಲೆ ನನಗೆ ಗೊತ್ತಾಗಿದ್ದು ಆಗ. ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಪ್ರತಿ ಕೋರಿಕೆಯನ್ನೂ, ಸಿಕ್ಕ ಉತ್ತರವನ್ನೂ ಅದು ಸಾಲುಸಾಲಾಗಿ ಬರೆಯುತ್ತದೆ. ಸಾಯುವ ಹೊತ್ತಿನ ಕೊನೆಯ ಸಾಲುಗಳಲ್ಲೇ ವಿಷಯ ಇತ್ತು. ಪ್ರೋಗ್ರಾಂ ಟಿಟಿವೈಎಸ್0 ಅನ್ನುವ ಸೀರಿಯಲ್ ಪೋರ್ಟ್ ತೆರೆಯಲು ಕೇಳಿದೆ, ಅಂಥದ್ದು ಇಲ್ಲ ಅಂತ ಕರ್ನಲ್ ಹೇಳಿದೆ, ಮರುಕ್ಷಣ ಸಿಗ್‌ಸೆಗ್ವಿ, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿದ್ದಕ್ಕೆ ಬರುವ ಸಿಗ್ನಲ್. ಹಳೆ ಡೆಸ್ಕ್‌ಟಾಪಿನ ಬೆನ್ನಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇತ್ತು, ಎಲೆಕ್ಟ್ರಾನಿಕ್ ತಕ್ಕಡಿಯ ವೈರ್ ಅಲ್ಲಿಗೆ ಹೋಗುತ್ತಿತ್ತು. ಪೈನಲ್ಲಿ ಅದು ಯುಎಸ್‌ಬಿ ಅಡಾಪ್ಟರ್ ಮೂಲಕ ಬರುತ್ತದೆ, ಹೆಸರು ಟಿಟಿವೈಯುಎಸ್‌ಬಿ0. ತಕ್ಕಡಿ ಸಿಗದಿದ್ದರೆ ಏನು ಮಾಡಬೇಕು ಅಂತ ಪ್ರೋಗ್ರಾಂನಲ್ಲಿ ಬರೆದೇ ಇಲ್ಲ. ಅಂದರೆ ಇದೇ ಪ್ರೋಗ್ರಾಂ ಅಸಲಿ ಇಂಟೆಲ್ ಮಶೀನಿನಲ್ಲೂ, ಸೀರಿಯಲ್ ಪೋರ್ಟ್ ಇಲ್ಲದಿದ್ದರೆ, ಇದೇ ಜಾಗದಲ್ಲಿ ಬೀಳುತ್ತಿತ್ತು.

ಇಷ್ಟಕ್ಕೆ ಬಿಡಬಹುದಿತ್ತು. ಆದರೆ ಬಿದ್ದ ಜಾಗ ಕಣ್ಣಾರೆ ನೋಡದೆ ನನಗೆ ಸಮಾಧಾನ ಇಲ್ಲ. ಕ್ಯೂಎಮುಗೆ ಮೈನಸ್ ಜಿ ಅಂತ ಒಂದು ಪೋರ್ಟ್ ಸಂಖ್ಯೆ ಕೊಟ್ಟರೆ, ಅದು ಪ್ರೋಗ್ರಾಂನ ಮೊದಲ ಸೂಚನೆಗಿಂತ ಮುಂಚೆ ನಿಂತು ಕಾಯುತ್ತದೆ. ಇನ್ನೊಂದು ಟರ್ಮಿನಲ್‌ನಿಂದ ಜಿಡಿಬಿ ಹೋಗಿ ಸೇರಿಕೊಳ್ಳಬಹುದು. ಆಮೇಲೆ ಎಲ್ಲ ಮಾಮೂಲಿ: ಬ್ರೇಕ್‌ಪಾಯಿಂಟ್ ಹಾಕಿ, ಒಂದೊಂದೇ ಸೂಚನೆ ಮುಂದಕ್ಕೆ ಹೋಗಿ, ರಿಜಿಸ್ಟರ್ (ಪ್ರೊಸೆಸರ್ ಒಳಗೆ ಸಂಖ್ಯೆ ಇಡುವ ಗೂಡು) ನೋಡಿ. ಕುಳಿತಿರುವುದು ಆರ್ಮ್ ಬೋರ್ಡಿನ ಮುಂದೆ, ಕಾಣುವುದು ಮಾತ್ರ ಅಪ್ಪಟ ಎಕ್ಸ್86 ರಿಜಿಸ್ಟರ್‌ಗಳು. ಬಿದ್ದ ಕ್ಷಣದಲ್ಲಿ ಆರ್‌ಎಎಕ್ಸ್ ಅನ್ನುವ ರಿಜಿಸ್ಟರ್‌ನಲ್ಲಿ ಸೊನ್ನೆ ಇತ್ತು. ಆ ಸೊನ್ನೆಯಿಂದ ಸ್ವಲ್ಪ ಆಚೆಗಿನ ವಿಳಾಸವನ್ನು ಓದಲು ಹೋಗಿದೆ. ತಕ್ಕಡಿಯ ಮಾಹಿತಿ ಇರಬೇಕಾದ ಜಾಗ ಖಾಲಿ, ಅದನ್ನೇ ತೆರೆದು ನೋಡಿದೆ. ಎಸ್‌ಟ್ರೇಸ್ ಹೇಳಿದ್ದಕ್ಕೂ ಇದಕ್ಕೂ ಸರಿಯಾಗಿ ತಾಳೆಯಾಯಿತು.

ಇಲ್ಲೊಂದು ಸೂಕ್ಷ್ಮ ಇದೆ. ಫ್ರೀ ಪ್ಯಾಸ್ಕಲ್ ಪ್ರೋಗ್ರಾಂಗಳು ಸಿಗ್‌ಸೆಗ್ವಿಯನ್ನು ತಾವೇ ಹಿಡಿದು, ತಮ್ಮದೇ ಎರರ್ ತೋರಿಸಿ ಹೊರಡುತ್ತವೆ. ಹಾಗಾಗಿ ಕ್ಯೂಎಮು ತನ್ನ ಕಡೆಯಿಂದ ಏನನ್ನೂ ಹೇಳುವುದಿಲ್ಲ, ಕೋರ್ ಕಡತವನ್ನೂ (ಬಿದ್ದ ಕ್ಷಣದ ಮೆಮೊರಿಯ ಪ್ರತಿ) ಬರೆಯುವುದಿಲ್ಲ. ಜಿಡಿಬಿ ಸೇರಿಕೊಂಡಿದ್ದರೆ ಮಾತ್ರ ಸಿಗ್ನಲ್ ಮೊದಲು ಜಿಡಿಬಿಗೆ ಬರುತ್ತದೆ, ಪ್ರೋಗ್ರಾಂ ತನ್ನ ಎರರ್ ತೋರಿಸುವ ಮುಂಚೆ ನಾವು ಆ ಜಾಗದಲ್ಲಿ ನಿಂತಿರುತ್ತೇವೆ. ಟಿಟಿವೈಎಸ್0 ಅನ್ನುವ ಹೆಸರಿಗೆ ಯುಡೆವ್ (ಸಾಧನಗಳಿಗೆ ಹೆಸರಿಡುವ ಲಿನಕ್ಸ್ ವ್ಯವಸ್ಥೆ) ನಿಯಮ ಬರೆದು ಕೊಂಡಿ ಹಾಕಿದೆ. ಆಮೇಲೆ ತಕ್ಕಡಿ ಮಾತಾಡಿತು.

ಬ್ಯಾಕಪ್ ಮಾಡುವ ಸಣ್ಣ ಉಪಕರಣದ ಕಥೆ ಬೇರೆ. ಅದು ಸಿ ಭಾಷೆಯಲ್ಲಿದೆ, ಆಮೇಲೆ ಬೇರೆ ಯಾರೋ ಬರೆದುಕೊಟ್ಟದ್ದು. ಅದನ್ನು ಓಡಿಸಿದರೆ ಕ್ಯೂಎಮು ಒಂದೇ ಸಾಲು ಹೇಳಿ ಮುಗಿಸಿತು: ಹಿಡಿಯದೆ ಬಿಟ್ಟ ಸಿಗ್ನಲ್ 4, ಇಲ್ಲೀಗಲ್ ಇನ್‌ಸ್ಟ್ರಕ್ಷನ್. ಈ ಸಲ ಕೋರ್ ಕಡತ ಸಿಕ್ಕಿತು. ಕೋರ್ ಬಗ್ಗೆ ಹೊಸಬರಿಗೆ ಒಂದು ಮಾತು. ಎರಡು ಬಗೆಯ ಕೋರ್ ಬರಬಹುದು. ಒಂದು ಕ್ಯೂಎಮುವಿನದೇ ಕೋರ್, ಅದರಲ್ಲಿ ಕಾಣುವುದು ಎಮ್ಯುಲೇಟರ್‌ನ ಹೊಟ್ಟೆ. ಇನ್ನೊಂದು ನಮ್ಮ ಪ್ರೋಗ್ರಾಂದು, ಅದನ್ನು ಕ್ಯೂಎಮುವೇ ಬರೆಯುತ್ತದೆ, ಹೆಸರು ಕ್ಯೂಎಮು ಅಂಡರ್‌ಸ್ಕೋರ್ ಅಂತ ಶುರುವಾಗುತ್ತದೆ. ನಮಗೆ ಬೇಕಾದ್ದು ಇದು. ಕೋರ್ ಗಾತ್ರದ ಮಿತಿಯನ್ನು ಯುಲಿಮಿಟ್‌ನಲ್ಲಿ ಮೊದಲೇ ತೆಗೆದಿರಬೇಕು, ಇಲ್ಲದಿದ್ದರೆ ಸಿಗುವುದಿಲ್ಲ.

ಆ ಕೋರನ್ನು ಜಿಡಿಬಿಯಲ್ಲಿ ತೆರೆದರೆ ಬಿದ್ದ ಸೂಚನೆಯ ಹೆಸರು ವಿ ಅಕ್ಷರದಿಂದ ಶುರುವಾಗಿತ್ತು. ಹಲವು ಸಂಖ್ಯೆಗಳ ಲೆಕ್ಕವನ್ನು ಒಟ್ಟಿಗೆ ಮಾಡುವ ಎವಿಎಕ್ಸ್ ಗುಂಪಿನ ಸೂಚನೆಗಳ ಗುರುತು ಅದು. ಎವಿಎಕ್ಸ್ ಇಂಟೆಲ್ ಪ್ರೊಸೆಸರ್‌ಗಳಿಗೆ ಬಂದದ್ದು 2011ರಲ್ಲಿ, ಎವಿಎಕ್ಸ್2 2013ರ ಹ್ಯಾಸ್‌ವೆಲ್‌ನಲ್ಲಿ. ಬರೆದವರು ತಾವು ಕೂತಿದ್ದ ಮಶೀನಿಗೆ ಹೊಂದುವ ಹಾಗೆ ಕಂಪೈಲ್ ಮಾಡಿದ್ದಾರೆ. ನಾನು ಕ್ಯೂಎಮುವನ್ನು ಸಾದಾ ಪ್ರೊಸೆಸರ್‌ನಂತೆ ನಡೆದುಕೊಳ್ಳುವ ಹಾಗೆ ಓಡಿಸಿದ್ದೆ, ಅದರಲ್ಲಿ ಎವಿಎಕ್ಸ್ ಇಲ್ಲ. ಸಿಪಿಯು ಆಯ್ಕೆಯಲ್ಲಿ ಮ್ಯಾಕ್ಸ್ ಅಂತ ಕೊಟ್ಟೆ, ಓಡಿತು. ಕ್ಯೂಎಮುಗೆ ಎವಿಎಕ್ಸ್, ಎವಿಎಕ್ಸ್2 ಅನುವಾದಿಸಲು ಬಂದದ್ದೇ 7.2 ಆವೃತ್ತಿಯಿಂದ, 2022ರ ಕೊನೆಗೆ. ಅದಕ್ಕಿಂತ ಹಳೆಯದು ಇದ್ದರೆ ಮ್ಯಾಕ್ಸ್ ಕೊಟ್ಟೂ ಪ್ರಯೋಜನ ಇಲ್ಲ.

ಇನ್ನು ಪೈಸೆಯ ವಿಷಯ. ಈ ಬರಹ ಬರೆಯಲು ಮುಖ್ಯ ಕಾರಣವೇ ಅದು.

ಕ್ಯೂಎಮುವಿನಲ್ಲಿ ಪಟ್ಟಿಗಳೆಲ್ಲ ಸರಿಯಾಗಿ ಬರುತ್ತಿದ್ದವು, ಆದರೆ ತಿಂಗಳ ಕೊನೆಯ ಒಟ್ಟು ಲೆಕ್ಕಕ್ಕೆ ಹೊತ್ತು ಹಿಡಿಯುತ್ತಿತ್ತು. ಅದಕ್ಕೆ ಬಾಕ್ಸ್ 64 ಹಾಕಿ ನೋಡಿದೆ. ಅದೂ ಆರ್ಮ್ ಮೇಲೆ ಎಕ್ಸ್86 ಪ್ರೋಗ್ರಾಂ ಓಡಿಸುತ್ತದೆ, ಅದೂ ಉಚಿತ. ವೇಗದಲ್ಲಿ ಕ್ಯೂಎಮು ಅದರ ಹತ್ತಿರಕ್ಕೂ ಬರುವುದಿಲ್ಲ. ಲೈಬ್ರರಿಗಳಲ್ಲಿ ಸಾಧ್ಯವಾದಷ್ಟನ್ನು ಅನುವಾದಿಸದೆ ಪೈನಲ್ಲಿರುವುದನ್ನೇ ನೇರವಾಗಿ ಬಳಸುತ್ತದೆ. ಒಟ್ಟು ಲೆಕ್ಕ ಚಕಚಕ ಬಂತು. ಭಾವ ಹಳೆಯ ತಿಂಗಳ ಮುದ್ರಿತ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ತಾಳೆ ನೋಡುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. "ಎಂತ ಆತೇ ಕೂಸೇ, ಒಂದು ಪೈಸೆ ಎಲ್ಲಿಗೆ ಹೋತು?"

ಒಂದು ಪೈಸೆ ಅಂತ ಬಿಡುವ ಹಾಗಿಲ್ಲ. ಬೆಳೆಗಾರರ ದುಡ್ಡಿನ ಲೆಕ್ಕ ಅದು. ಒಂದು ಪಟ್ಟಿಯಲ್ಲಿ ತಪ್ಪಿದ್ದು ಇನ್ನೆಷ್ಟು ಪಟ್ಟಿಯಲ್ಲಿ ತಪ್ಪುತ್ತಿದೆಯೋ ಗೊತ್ತಾಗದು. ಪ್ರೋಗ್ರಾಂ ಬಿದ್ದರೆ ಕಾಣುತ್ತದೆ. ಬೀಳದೆ ತಪ್ಪು ಲೆಕ್ಕ ಕೊಟ್ಟರೆ ಯಾರಿಗೂ ಕಾಣುವುದಿಲ್ಲ. ಎಮ್ಯುಲೇಟರ್‌ನಲ್ಲಿ ಆಗುವ ತೊಂದರೆಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ.

ಆ ಪಟ್ಟಿಯಲ್ಲಿದ್ದದ್ದು 62.35 ಕಿಲೋ ರಾಶಿ, ಕ್ವಿಂಟಾಲಿಗೆ 48,350 ರೂಪಾಯಿ ದರ. ಕಿಲೋಗೆ 483.50. ಗುಣಿಸಿದರೆ 30,146.225. ಸರಿಯಾಗಿ 22 ಮತ್ತು 23 ಪೈಸೆಯ ನಡುವೆ. ಹಳೆ ಡೆಸ್ಕ್‌ಟಾಪ್ 23 ಪೈಸೆ ಮುದ್ರಿಸಿತ್ತು. ಕ್ಯೂಎಮು 23 ಕೊಟ್ಟಿತು. ಬಾಕ್ಸ್ 64 ಕೊಟ್ಟದ್ದು 22.

ಇದರ ಬುಡ ಹುಡುಕಲು ಮತ್ತೆ ಕ್ಯೂಎಮು ಮತ್ತು ಜಿಡಿಬಿ. ಗುಣಾಕಾರದ ಜಾಗದಲ್ಲಿ ನಿಲ್ಲಿಸಿ ಎಸ್‌ಟಿ0 ಅನ್ನುವ ರಿಜಿಸ್ಟರ್ ನೋಡಿದೆ. ಎಕ್ಸ್86ರಲ್ಲಿ ಎಕ್ಸ್87 ಅಂತ ಹಳೆಯ ಲೆಕ್ಕದ ಘಟಕ ಇದೆ. ಅದು ದಶಾಂಶ ಸಂಖ್ಯೆಗಳನ್ನು 80 ಬಿಟ್‌ನಲ್ಲಿ ಹಿಡಿಯುತ್ತದೆ, ಅದರಲ್ಲಿ 64 ಬಿಟ್ ಅಂಕಿಗಳಿಗೆ. ಫ್ರೀ ಪ್ಯಾಸ್ಕಲ್‌ನ ಎಕ್ಸ್‌ಟೆಂಡೆಡ್ ಅನ್ನುವ ಬಗೆ ಎಕ್ಸ್86 ಲಿನಕ್ಸ್‌ನಲ್ಲಿ ಇದನ್ನೇ ಬಳಸುತ್ತದೆ. ಆರ್ಮ್‌ನಲ್ಲಿ ಇಂಥ ಘಟಕ ಇಲ್ಲವೇ ಇಲ್ಲ. ಅಲ್ಲಿರುವುದು 64 ಬಿಟ್‌ನ ಡಬಲ್, ಅದರಲ್ಲಿ ಅಂಕಿಗಳಿಗೆ 53 ಬಿಟ್. ಬಾಕ್ಸ್ 64 ವೇಗಕ್ಕಾಗಿ ಎಕ್ಸ್87 ಲೆಕ್ಕವನ್ನು ಡಬಲ್‌ನಲ್ಲಿ ಮಾಡುತ್ತದೆ. ಕ್ಯೂಎಮು ಹಾಗೆ ಮಾಡುವುದಿಲ್ಲ. 80 ಬಿಟ್ ಲೆಕ್ಕವನ್ನು ಸಾಫ್ಟ್‌ವೇರ್‌ನಲ್ಲೇ, ಪ್ರತಿಯೊಂದು ಬಿಟ್ ಕೂಡ ಸರಿ ಬರುವ ಹಾಗೆ ಮಾಡುತ್ತದೆ. ಅದರ ನಿಧಾನಕ್ಕೆ ಇದೂ ಒಂದು ಕಾರಣ.

ಒಂದು ಪೈಸೆ ಹೋದ ದಾರಿ ಇದು. 62.35 ಅನ್ನುವ ಸಂಖ್ಯೆ ಬೈನರಿಯಲ್ಲಿ ಪೂರ್ತಿ ಹಿಡಿಯುವುದಿಲ್ಲ. ಡಬಲ್‌ನಲ್ಲಿ ಉಳಿಸಿದಾಗ ಅದು ನಿಜವಾದ್ದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇರುತ್ತದೆ. 483.5ರಿಂದ ಗುಣಿಸಿ, ಪೈಸೆ ಮಾಡಲು 100ರಿಂದ ಗುಣಿಸಿದರೆ 30,14,622.5ಕ್ಕಿಂತ ಒಂದು ಚೂರು ಮೇಲೆ ಬರಬೇಕು. 80 ಬಿಟ್‌ನಲ್ಲಿ ಆ ಚೂರು ಉಳಿಯುತ್ತದೆ, ಹಾಗಾಗಿ ಮೇಲಕ್ಕೆ ಹೋಗಿ 23 ಪೈಸೆ. ಡಬಲ್‌ನಲ್ಲಿ ಆ ಚೂರು ಉಳಿಯಲು ಜಾಗ ಇಲ್ಲ, ಸಂಖ್ಯೆ ಸರಿಯಾಗಿ .5ಕ್ಕೆ ಬಂದು ಕೂರುತ್ತದೆ. ಸರಿ ಅರ್ಧ ಬಂದಾಗ ಪ್ಯಾಸ್ಕಲ್‌ನ ರೌಂಡ್ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 30,14,622 ಸಮ. ಹಾಗಾಗಿ 22 ಪೈಸೆ. ನಂಬಿಕೆ ಬಾರದಿದ್ದರೆ ನೀವೇ ಎರಡೂ ಬಗೆಯಲ್ಲಿ ಮಾಡಿ ನೋಡಿ, ಇದೇ ಬರುತ್ತದೆ.

ಬಾಕ್ಸ್ 64ಕ್ಕೆ ಎಕ್ಸ್87 ಬಗ್ಗೆ ಒಂದು ಸೆಟ್ಟಿಂಗ್ ಇದೆ. ಇನ್ನೂ ಕಡಿಮೆ ನಿಖರತೆಗೆ ಇಳಿಯದಂತೆ, ಯಾವಾಗಲೂ ಡಬಲ್ ಬಳಸು ಅಂತ ಹೇಳಬಹುದು. ಆದರೆ ಡಬಲ್‌ನಿಂದ 80 ಬಿಟ್‌ಗೆ ಏರಿಸಲು ಅದರಿಂದ ಆಗದು. ಇದನ್ನು ಬಾಕ್ಸ್ 64ರ ದೋಷ ಅಂತ ನಾನು ಹೇಳುವುದಿಲ್ಲ. ಆಟಗಳನ್ನು ಓಡಿಸುವವರಿಗೆ ಅದು ಮಾಡಿದ ಆಯ್ಕೆ ಸರಿಯಾದದ್ದೇ. ದುಡ್ಡಿನ ಲೆಕ್ಕಕ್ಕೆ ಮಾತ್ರ ಹೊಂದುವುದಿಲ್ಲ. ನಿಮ್ಮ ಊರಿನ ಸೊಸೈಟಿಯಲ್ಲೋ ಅಂಗಡಿಯಲ್ಲೋ ಹಳೆಯ ಎಕ್ಸ್86 ಲೆಕ್ಕದ ಪ್ರೋಗ್ರಾಂ ಆರ್ಮ್ ಮಶೀನಿಗೆ ಬರುತ್ತಿದ್ದರೆ, ಹಳೆಯ ಒಂದು ಪೂರ್ತಿ ತಿಂಗಳ ಲೆಕ್ಕವನ್ನು ಎರಡೂ ಕಡೆ ಓಡಿಸಿ ಪಟ್ಟಿಗಳನ್ನು ಸಾಲಿನಿಂದ ಸಾಲಿಗೆ ಹೋಲಿಸಿ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ.

ಬಾಕ್ಸ್ 64ರಲ್ಲಿ ಬ್ಯಾಕಪ್ ಉಪಕರಣ ಒಮ್ಮೊಮ್ಮೆ ಸುಮ್ನೆ ನಿಂತುಬಿಡುತ್ತಿತ್ತು. ಬೀಳುವುದಿಲ್ಲ, ಮುಂದೂ ಹೋಗುವುದಿಲ್ಲ. ಕ್ಯೂಎಮುವಿನಲ್ಲಿ ಹಾಗೆ ಆಗಲಿಲ್ಲ. ಇಂಥ ಕಡೆ ಮೊದಲು ಮಾಡಬೇಕಾದ್ದು ಟಾಸ್ಕ್‌ಸೆಟ್ ಹಾಕಿ ಪ್ರೋಗ್ರಾಂನ ಎಲ್ಲ ಥ್ರೆಡ್‌ಗಳನ್ನೂ (ಒಟ್ಟೊಟ್ಟಿಗೆ ಓಡುವ ಎಳೆಗಳನ್ನು) ಪ್ರೊಸೆಸರ್‌ನ ಒಂದೇ ಕೋರಿಗೆ ಕಟ್ಟುವುದು. ಕಟ್ಟಿದೆ, ಆಮೇಲೆ ಅದು ನಡುವೆ ನಿಲ್ಲಲಿಲ್ಲ. ಆಗ ಅನುಮಾನ ಮೆಮೊರಿಯ ಕ್ರಮದ ಮೇಲೆ ಹೋಗುತ್ತದೆ. ಎಕ್ಸ್86ರಲ್ಲಿ ಒಂದು ಥ್ರೆಡ್ ಬರೆದದ್ದು ಉಳಿದ ಥ್ರೆಡ್‌ಗಳಿಗೆ ಬರೆದ ಕ್ರಮದಲ್ಲೇ ಕಾಣುತ್ತದೆ. ಆರ್ಮ್‌ನಲ್ಲಿ ಆ ಖಾತ್ರಿ ಇಲ್ಲ. ಲಾರಿಯಿಂದ ಮೂಟೆ ಇಳಿಸುವ ಹಮಾಲರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬರುವುದು ಎಕ್ಸ್86, ಯಾರಿಗೆ ದಾರಿ ಸಿಕ್ಕಿತೋ ಅವರು ಮೊದಲು ಬರುವುದು ಆರ್ಮ್. ಉಪಕರಣದಲ್ಲಿ ಒಂದು ಥ್ರೆಡ್ ಡೇಟಾ ಬರೆದು, ಆಮೇಲೆ "ತಯಾರು" ಅಂತ ಗುರುತು ಹಾಕುತ್ತದೆ, ನಡುವೆ ಬೀಗ ಇಲ್ಲ. ಆರ್ಮ್‌ನಲ್ಲಿ ಗುರುತು ಮೊದಲು ಕಂಡು ಡೇಟಾ ಆಮೇಲೆ ಕಾಣಬಹುದು. ಕ್ಯೂಎಮು ಬೇಕಾದಲ್ಲೆಲ್ಲ ತಡೆ ಸೂಚನೆ ಸೇರಿಸಿ ಎಕ್ಸ್86 ಕ್ರಮವನ್ನು ಕಾಪಾಡುತ್ತದೆ. ಬಾಕ್ಸ್ 64ರಲ್ಲಿ ಸ್ಟ್ರಾಂಗ್‌ಮೆಮ್ ಅನ್ನುವ ಸೆಟ್ಟಿಂಗ್ ಏರಿಸಿದರೆ ಅದೂ ಕಾಪಾಡುತ್ತದೆ. ಏರಿಸಿದೆ, ಸರಿಹೋಯಿತು. ಆಪಲ್‌ನವರು ಇದೇ ಕಷ್ಟ ನೋಡಿ ತಮ್ಮ ಚಿಪ್‌ನಲ್ಲೇ ಎಕ್ಸ್86 ಕ್ರಮದ ವ್ಯವಸ್ಥೆ ಇಟ್ಟಿದ್ದಾರೆ, ಎಕ್ಸ್86 ಪ್ರೋಗ್ರಾಂ ಓಡಿಸುವ ಅವರ ರೊಸೆಟಾ 2 ಅದನ್ನು ಬಳಸುತ್ತದೆ. ಪೈಗೆ ಆ ಭಾಗ್ಯ ಇಲ್ಲ.

ಲಾಗ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಮೈನಸ್ ಡಿ ಆಯ್ಕೆಯಲ್ಲಿ ಕ್ಯೂಎಮು ಅನುವಾದಿಸಿದ ಪ್ರತಿ ತುಂಡಿನ ಅಸೆಂಬ್ಲಿಯನ್ನು (ಸೂಚನೆಗಳನ್ನು ಓದಬಹುದಾದ ರೂಪದಲ್ಲಿ) ಬರೆಯುತ್ತದೆ. ಆದರೆ ಒಂದು ತುಂಡು ಸಾವಿರ ಸಲ ಓಡಿದರೂ ಅನುವಾದ ಆಗುವುದು ಒಮ್ಮೆ, ಹಾಗಾಗಿ ಲಾಗ್‌ನಲ್ಲಿ ಸಾಮಾನ್ಯವಾಗಿ ಒಂದೇ ಸಲ ಕಾಣುತ್ತದೆ. ಇದನ್ನು ಓಡಿದ ಕ್ರಮ ಅಂತ ಓದಿದರೆ ದಾರಿ ತಪ್ಪುತ್ತೇವೆ. ಓಡಿದ ಕ್ರಮವೇ ಬೇಕಿದ್ದರೆ ಎಕ್ಸೆಕ್ ಅಂತಲೂ, ಜೊತೆಗೆ ನೋಚೈನ್ ಅಂತಲೂ ಕೊಡಬೇಕು. ನೋಚೈನ್ ಇಲ್ಲದಿದ್ದರೆ ತುಂಡುಗಳು ಒಂದರಿಂದ ಇನ್ನೊಂದಕ್ಕೆ ನೇರ ಜಿಗಿಯುತ್ತವೆ, ನಡುವಿನ ಹೆಜ್ಜೆಗಳು ಲಾಗ್‌ಗೆ ಬರುವುದಿಲ್ಲ. ಈ ಲಾಗ್ ಭಯಂಕರ ದೊಡ್ಡದಾಗುತ್ತದೆ. ಪೈನ ಎಸ್‌ಡಿ ಕಾರ್ಡ್ ಮೇಲೆ ಬರೆಯಬೇಡಿ, ಹೊರಗಿನ ಡಿಸ್ಕ್ ಕೊಡಿ. ವಿಳಾಸದ ವ್ಯಾಪ್ತಿ ಕೊಟ್ಟು ಅಷ್ಟನ್ನೇ ಬರೆಸುವ ಡಿಫಿಲ್ಟರ್ ಆಯ್ಕೆಯೂ ಇದೆ, ಅದನ್ನೇ ನಾನು ಜಾಸ್ತಿ ಬಳಸುವುದು.

ಇಡೀ ಕಂಪ್ಯೂಟರ್ ನಟಿಸುವ ರೂಪ ವಖಾರಿಗೆ ಬೇಡವಾದರೂ ಮನೆಯಲ್ಲಿ ಹಾಕಿ ನೋಡಿದ್ದೇನೆ. ಬೂಟ್ ಆಗುವುದನ್ನು ಕಾಯುವುದೇ ಒಂದು ಕೆಲಸ. ಲಿನಕ್ಸ್ ಕರ್ನಲ್ ಕೊಡುವ ಕೆವಿಎಂ ಅನ್ನುವ ವೇಗವರ್ಧನೆ ಒಂದೇ ಜಾತಿಯ ಪ್ರೊಸೆಸರ್ ನಡುವೆ ಮಾತ್ರ, ಇಲ್ಲಿ ಸಹಾಯಕ್ಕೆ ಬರದು. ಆದರೆ ಮಶೀನಿನ ಸ್ಥಿತಿಯನ್ನು ಬೀಳುವ ಸ್ವಲ್ಪ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿಟ್ಟು ಮತ್ತೆ ಮತ್ತೆ ಅಲ್ಲಿಂದಲೇ ಶುರು ಮಾಡಬಹುದು. ಒಂದು ಓಟವನ್ನು ದಾಖಲಿಸಿ ಅದನ್ನೇ ಯಥಾವತ್ತಾಗಿ ಮರು ಓಡಿಸಬಹುದು, ಜಿಡಿಬಿಯಲ್ಲಿ ಹಿಮ್ಮುಖವಾಗಿ ಹೆಜ್ಜೆ ಇಡಬಹುದು. ಒಮ್ಮೆ ಬಂದು ಒಮ್ಮೆ ಬಾರದ ದೋಷ ಹುಡುಕುವವರಿಗೆ ಇದು ದೊಡ್ಡ ವರ.

ಕೊರತೆಗಳೂ ಇವೆ. ಒಂದು ಪ್ರೋಗ್ರಾಂ ಇನ್ನೊಂದನ್ನು ಗಮನಿಸಲು ಲಿನಕ್ಸ್ ಕೊಡುವ ಪಿಟ್ರೇಸ್ ಯೂಸರ್ ಮೋಡ್‌ನಲ್ಲಿ ಇಲ್ಲ. ಅಂದರೆ ಎಮ್ಯುಲೇಟರ್ ಒಳಗೆ ಎಕ್ಸ್86 ಜಿಡಿಬಿಯನ್ನೋ ಎಸ್‌ಟ್ರೇಸನ್ನೋ ಓಡಿಸಿ ಪ್ರೋಗ್ರಾಂ ನೋಡಲು ಆಗುವುದಿಲ್ಲ. ಕ್ಯೂಎಮು ಕೊಡುವ ಬಾಗಿಲಿನಿಂದಲೇ ಹೋಗಬೇಕು. ಸಾಮಾನ್ಯ ಲಿನಕ್ಸ್ ಡೀಬಗ್ಗಿಂಗ್ ಬಲ್ಲವರಿಗೂ ಇದು ಹೊಳೆಯದೆ ತುಂಬಾ ಹೊತ್ತು ಹಾಳಾಗುತ್ತದೆ. ಕೈಪಿಡಿ ಇದೆ, ಆದರೆ ಆಯ್ಕೆಗಳ ಪಟ್ಟಿಯಷ್ಟೇ. ಯಾವ ತೊಂದರೆಗೆ ಯಾವುದನ್ನು ಹಿಡಿಯಬೇಕು ಅಂತ ಅದು ಹೇಳುವುದಿಲ್ಲ. ಆಯ್ಕೆಗಳ ಹೆಸರೂ ಬದಲಾಗುತ್ತವೆ. ಸಿಂಗಲ್‌ಸ್ಟೆಪ್ ಅಂತ ಇದ್ದದ್ದಕ್ಕೆ 8.1 ಆವೃತ್ತಿಯಲ್ಲಿ ಬೇರೆ ಹೆಸರು ಬಂತು, ಹಳೆಯ ಬರಹ ನೋಡಿ ಟೈಪ್ ಮಾಡುವವರು ಗೊಂದಲಕ್ಕೆ ಬೀಳುತ್ತಾರೆ. ಹೊಸಬರಿಗೆ ಕನ್ನಡದಲ್ಲಿ ಒಂದು ಮಾರ್ಗದರ್ಶಿ ಇದ್ದರೆ ಎಷ್ಟು ಚೆನ್ನ ಅಂತ ಪ್ರತಿ ಸಲ ಅನಿಸುತ್ತದೆ.

ಈಗ ವಖಾರಿಯಲ್ಲಿ ಲೆಕ್ಕದ ಪ್ರೋಗ್ರಾಂ ಕ್ಯೂಎಮುವಿನಲ್ಲೇ ಓಡುತ್ತಿದೆ. ಬ್ಯಾಕಪ್ ಉಪಕರಣ ಬಾಕ್ಸ್ 64ರಲ್ಲಿ, ಸ್ಟ್ರಾಂಗ್‌ಮೆಮ್ ಏರಿಸಿ. ತಿಂಗಳ ಒಟ್ಟು ಲೆಕ್ಕಕ್ಕೆ ಗುಮಾಸ್ತರು ಚಹಾ ಕುಡಿದು ಬರುವಷ್ಟು ಹೊತ್ತು ಕಾಯಬೇಕು. ಅದಕ್ಕೆ ಭಾವ ಒಪ್ಪಿದ್ದಾರೆ. ಬರೀ ವೇಗ ಬೇಕು, ಆಟ ಆಡಬೇಕು ಅನ್ನುವವರು ನೇರ ಬಾಕ್ಸ್ 64ಕ್ಕೆ ಹೋಗಿ. ಆದರೂ ಪೈನಲ್ಲಿ ಕ್ಯೂಎಮು-ಯೂಸರ್ ಮತ್ತು ಜಿಡಿಬಿ-ಮಲ್ಟಿಆರ್ಕ್ ಎರಡನ್ನೂ ಹಾಕಿಟ್ಟಿರಿ, ಮತ್ತು ಏನಾದರೂ ಬಿದ್ದ ದಿನ ಮೊದಲು ಎಸ್‌ಟ್ರೇಸ್‌ನ ಕೊನೆಯ ಇಪ್ಪತ್ತು ಸಾಲು ಓದಿ.